ಕುರಿಗಡ್ಡಿಯಲ್ಲಿ ರೇಣಮ್ಮ ತುಂಬಿದ ಉಡಿ

ಕುರಿಯ ಕೆಳದುಟಿ ಜಗ್ಗಿ, ಹಲ್ಲು ನೋಡಿ, ಅದರ ವಯಸ್ಸು ಹೇಳುವುದರಲ್ಲಿ ಕೃಷ್ಣೆಯ ದಂಡೆಯ ಆ ನಾಲ್ಕೈದು ಹಳ್ಳಿಗಳಲ್ಲಿ ರೇಣಮ್ಮನನ್ನು ಮೀರಿಸುವವರಿರಲಿಲ್ಲ. ಕಕ್ಕೇರಾದ ಸಂತೆಯಲ್ಲಿ ದಲಾಲರು ಹಣ್ಣುಹಣ್ಣು ಮುದಿ ಕುರಿಯನ್ನು ಹಿಡಿದುಕೊಂಡು “ಎಳೇದು ನೋಡವ್ವಾ, ಈಗ ಎರಡು ಹಲ್ಲು ಹಚ್ಚೇತಿ” ಎಂದು ಹೊಗಳುತ್ತ ನಿಂತರೆ, ಈಕೆ ಒಮ್ಮೆ ಬಾಯಿ ತೆರೆಸಿ ನೋಡಿ, “ಇದು ನಿಮ್ಮವ್ವನ ಮದವಿ ಊಟಾ ಉಂಡೇತಿ ತೊಗೋ” ಎಂದು ಮುಂದೆ ನಡೆಯುತ್ತಿದ್ದಳು. ಸುತ್ತ ನಿಂತವರು ನಕ್ಕು ಸಾಯುತ್ತಿದ್ದರು. ಅವಳು ಮಾತ್ರ ನಗುತ್ತಿರಲಿಲ್ಲ.

ಗಂಡ ಅಮೋಘಸಿದ್ದ ಕಾಲರಾ ಬಂದ ವರ್ಷ ಹೋದ. ಆಗ ಮಗಳು ಮಲ್ಲಿಕಮ್ಮನಿಗೆ ನಾಲ್ಕು ವರ್ಷ. ಮೂವತ್ತು ಕುರಿ, ಒಂದು ಮಗು, ಮಳೆ ಬಂದರೆ ಬೆಳೆಯುವ ಮೂರು ಎಕರೆ ಹೊಲ. ಇಷ್ಟನ್ನು ಇಟ್ಟುಕೊಂಡು ರೇಣಮ್ಮ ಯಾರ ಬಾಯಿಗೂ ಬೀಳದೆ ಬಾಳಿದಳು. ಭಾನುವಾರ ಮೈಲಾರಲಿಂಗನಿಗೆ ಭಂಡಾರದ ಅರಿಷಿಣ ಏರಿಸದೆ ಬಾಯಿಗೆ ನೀರು ಬಿಡುತ್ತಿರಲಿಲ್ಲ. ಸುಳ್ಳಾಡಿದ್ದನ್ನು ಊರು ಕಂಡಿರಲಿಲ್ಲ. ಇಬ್ಬರ ನಡುವೆ ತಂಟೆ ಬಂದರೆ “ರೇಣವ್ವ ಅಲ್ಲಿದ್ಲಂತ, ಆಕಿನ್ನ ಕೇಳ್ರಿ” ಎನ್ನುತ್ತಿದ್ದರು. ಅಂಥ ಹೆಸರು ಅವಳದು. ಆ ಹೆಸರೇ ಅವಳನ್ನು ಮುಂದೆ ಕೆಡಿಸಿತು ಎಂದರೂ ತಪ್ಪಲ್ಲ.

ಊರಿನ ಎದುರಿಗೆ ಹೊಳೆಯ ನಡುವೆ ಒಂದು ನಡುಗಡ್ಡೆಯಿದೆ. ಬೇಸಿಗೆಯಲ್ಲಿ ಊರ ಕಡೆಯ ಹುಲ್ಲೆಲ್ಲ ಸುಟ್ಟುಹೋದ ಮೇಲೂ ಅಲ್ಲಿ ಹಸಿರು ಉಳಿಯುವುದರಿಂದ ಕುರಿಗಳನ್ನು ದಾಟಿಸಿ ಅಲ್ಲೇ ಹಟ್ಟಿ ಹಾಕುವುದು ವಾಡಿಕೆ. ಅದಕ್ಕೇ ಕುರಿಗಡ್ಡಿ ಎಂಬ ಹೆಸರು. ಗಡ್ಡೆಯ ನಡುವಿನ ದಿಬ್ಬದಲ್ಲಿ ಎಲ್ಲಿ ಕಾಲಿಟ್ಟರೂ ಬೂದಿಮಣ್ಣು, ಮಡಕೆಯ ಚೂರು. ಅಲ್ಲಿ ಸಿಕ್ಕ ನುಣುಪಾದ ಕಲ್ಲಿನ ಕೊಡಲಿಗಳನ್ನು ಹಿಂದಿನವರು ತಂದು ಬೇವಿನ ಮರದ ಬುಡದಲ್ಲಿ ನಿಲ್ಲಿಸಿ ದೇವರೆಂದು ಕುಂಕುಮ ಹಚ್ಚುತ್ತಿದ್ದರು.

ನಿಜಾಮನ ರಾಜ್ಯ ಹೋಗಿ ಏಳನೆಯ ವರ್ಷ ನಡೆಯುತ್ತಿತ್ತು. ನಮ್ಮ ಜಿಲ್ಲೆಗಳು ಮೈಸೂರಿನೊಂದಿಗೆ ಕೂಡುತ್ತವಂತೆ ಎಂಬ ಸುದ್ದಿ ಶಹಾಪುರದ ಮೋಟಾರಿನಲ್ಲಿ ದಿನವೂ ಬಂದು ಇಳಿಯುತ್ತಿತ್ತು. ಅದೇ ಮೋಟಾರಿನಲ್ಲಿ ಒಂದು ಮಾಘಮಾಸ ಹೈದರಾಬಾದಿನಿಂದ ಹಳೆಯ ವಸ್ತುಗಳನ್ನು ಹುಡುಕುವ ಸಾಹೇಬರೊಬ್ಬರು ಬಂದರು. ಗಡ್ಡೆಯ ಮೇಲೆ ಡೇರೆ ಹೊಡೆದರು. ಗೂಟ ಬಡಿದು, ಹಗ್ಗ ಎಳೆದು, ಚೌಕಾಕಾರದ ಕುಣಿಗಳನ್ನು ಅಗೆಸತೊಡಗಿದರು. ಊರಿನ ಇಪ್ಪತ್ತು ಜನಕ್ಕೆ ಕೂಲಿ ಸಿಕ್ಕಿತು. ಕೂಲಿಯವರ ಮೇಲೆ ಹುಲಗಪ್ಪ ಮುಕದ್ದಮನಾದ. ಬಾಯಿ ದೊಡ್ಡದು, ಕೆಲಸ ಅಷ್ಟಕ್ಕಷ್ಟೇ, ಆದರೆ ಕೂಲಿಯವರನ್ನು ಮುಂಜಾನೆ ಹೊತ್ತಿಗೆ ಸರಿಯಾಗಿ ಕೂಡಿಸುತ್ತಿದ್ದ.

ಅಗೆದ ಮಣ್ಣನ್ನು ಜರಡಿ ಹಿಡಿಯುವ ಕೆಲಸ ರೇಣಮ್ಮನದು. ಮೊದಲ ವಾರದಲ್ಲೇ ಒಂದು ದವಡೆಯ ಎಲುಬು ಬಂತು. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ರೇಣಮ್ಮ ತಡೆಯದೆ, “ಅದು ಕುರಿದ್ರಿ. ನಾಕು ಹಲ್ಲಿಂದು. ಮರಿ ಹಾಕಿದ್ದು ಎರಡು ಸರತಿ ಇರಬೇಕು” ಎಂದಳು.

“ಹಲ್ಲು ನೋಡಿ ವಯಸ್ಸು ಹೇಳಬಹುದು. ಮರಿ ಹಾಕಿದ್ದು ಹೇಗೆ ಹೇಳ್ತೀಯಮ್ಮ?”

“ನಾಕು ಹಲ್ಲು ಆಗೂತನಕಾ ಮರಿ ಹಾಕ್ಲಾರದ ಕುರಿ ಯಾರು ಇಟ್ಕೋತಾರ್ರಿ? ಅದರ ಎಲುಬು ಮನ್ಯಾಗ ಇರೂದಿಲ್ಲ, ಸಂತ್ಯಾಗ ಇರತಾವ.”

ಸಾಹೇಬರು ದೊಡ್ಡದಾಗಿ ನಕ್ಕರು. ಅಂದಿನಿಂದ ಎಲುಬು ಸಿಕ್ಕಾಗಲೆಲ್ಲ “ರೇಣಮ್ಮನನ್ನು ಕರೀರಿ” ಎನ್ನುತ್ತಿದ್ದರು. ಮೂರೂವರೆ ಸಾವಿರ ವರ್ಷಗಳ ಹಿಂದೆ ಇಲ್ಲಿ ಬದುಕಿದವರು ಕುರಿ ಸಾಕುತ್ತಿದ್ದರು, ದನ ಕಟ್ಟುತ್ತಿದ್ದರು, ದುಂಡನೆಯ ಗುಡಿಸಲು ಹಾಕುತ್ತಿದ್ದರು ಎಂದು ಅವರು ತಿಳಿಸಿ ಹೇಳುವಾಗ ಹುಲಗಪ್ಪ ಕೇಳಿದ: “ಮೂರೂವರಿ ಸಾವಿರ ವರ್ಷ ಅಂದ್ರ ನಮ್ಮ ಗೌಡ್ರ ಮನಿ ವ್ಯಾಜ್ಯಕ್ಕಿಂತ ಹಳೇದೇನ್ರಿ?” ಒಡೆದ ಮಡಕೆಗಳ ರಾಶಿ ನೋಡಿ ಹೆಂಗಸರು, “ಇವ್ರ ಮನ್ಯಾಗೂ ಸೊಸಿದೇರು ಸಿಟ್ಟಿನವ್ರು ಇದ್ರು ಕಾಣಸ್ತದ” ಎಂದು ನಗುತ್ತಿದ್ದರು. ರೇಣಮ್ಮನಿಗೆ ಆ ಸತ್ತವರೆಲ್ಲ ದೂರದ ಬಳಗದವರಂತೆ ಅನಿಸತೊಡಗಿತ್ತು.

ಕೂಲಿಯವರನ್ನು ಹರಗೋಲಿನಲ್ಲಿ ದಾಟಿಸುತ್ತಿದ್ದವನು ಬಾಷುಮಿಯಾ. ಅವನ ಅಪ್ಪನ ಕಾಲದಿಂದಲೂ ಆ ಹೊಳೆಯ ಹರಗೋಲು ಅವರದೇ. ಜನರನ್ನು ಇಳಿಸಿದ ಮೇಲೆ ಹಗಲಿಡೀ ಕುಣಿಗಳನ್ನು ಕಾಯುವ ಕೆಲಸವನ್ನೂ ಸಾಹೇಬರು ಅವನಿಗೇ ಕೊಟ್ಟಿದ್ದರು. ಐವತ್ತು ದಾಟಿದ ಮನುಷ್ಯ. ಪೊಲೀಸ್ ಆ್ಯಕ್ಷನ್ ಆದ ವರ್ಷ, ಊರೂರುಗಳಲ್ಲಿ ನಡೆಯಬಾರದ್ದೆಲ್ಲ ನಡೆದಾಗ, ದೊಡ್ಡ ಮಗ ಹೈದರಾಬಾದಿನ ಕಡೆ ಹೋದವನು ಮರಳಲಿಲ್ಲ, ಖಬರೂ ಬರಲಿಲ್ಲ. ಆಮೇಲೆ ಬಾಷುಮಿಯಾ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಹರಗೋಲು ತಡವಾಯಿತೆಂದು ಯಾರಾದರೂ ರೇಗಿದರೆ, ತಡವಾದದ್ದು ಅವರಿಂದಲೇ ಆದರೂ, “ಆತು ಬಿಡ್ರಿ, ನಂದ ತಪ್ಪು” ಅನ್ನುತ್ತಿದ್ದ. ತಪ್ಪು ಒಪ್ಪಿಕೊಂಡವನನ್ನು ಜನ ಬೇಗ ಬಿಟ್ಟುಬಿಡುತ್ತಾರೆ ಎಂದು ಅವನು ಕಲಿತಿದ್ದ.

ರೇಣಮ್ಮನೊಂದಿಗೆ ಮಾತ್ರ ಅವನದು ಸಲಿಗೆಯ ಮಾತು. ಅವಳ ಕುರಿಗಳನ್ನು ಮೂರು ಮೂರರಂತೆ ದಾಟಿಸುವಾಗ, “ಅಕ್ಕಾ, ನಿನ್ನ ಟಗರು ನನ್ನ ಹರಗೋಲಕ್ಕ ಅಳಿಯಾ ಆಗೇತಿ, ಇಳಿಯಂದ್ರ ಇಳಿವಲ್ದು” ಎನ್ನುತ್ತಿದ್ದ.

ಚೈತ್ರ ಮುಗಿಯುವ ಹೊತ್ತಿಗೆ, ಒಂದು ಬುಧವಾರ, ಗುಡಿಸಲಿನ ನೆಲದ ಪಕ್ಕದಲ್ಲೇ ಒಂದು ಸಮಾಧಿ ಸಿಕ್ಕಿತು. ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದ ಎಲುಬುಗೂಡು. ತಲೆಯ ಹತ್ತಿರ ಒಂದು ಬೋಗುಣಿ, ಅಷ್ಟೇ. ಸಾಹೇಬರು ತಾವೇ ಕುಣಿಯಲ್ಲಿ ಮೊಣಕಾಲೂರಿ ಸಣ್ಣ ಕುಂಚದಿಂದ ಮಣ್ಣು ಸರಿಸುತ್ತಿದ್ದರು. ಸೊಂಟದ ಎಲುಬಿನ ಹತ್ತಿರ ಬಂದಾಗ ಅವರ ಕೈ ನಿಂತಿತು. ತಲೆಯೆತ್ತಿ, “ಇವಳು ಬಸುರಿಯಾಗಿದ್ದಳು” ಎಂದರು.

ಒಳಗೆ ಹಕ್ಕಿಯ ಎಲುಬಿನಂಥ ಎಲುಬುಗಳು. ಬೇಲದಕಾಯಿಯಷ್ಟು ಪುಟ್ಟ ತಲೆ.

ಬುಟ್ಟಿ ಹೊತ್ತ ಹೆಂಗಸರು ಸೆರಗು ಎಳೆದುಕೊಂಡು ಹಿಂದೆ ಸರಿದರು. ಹೈದರಾಬಾದಿನಿಂದ ಫೋಟೊ ತೆಗೆಯುವವನು ಶನಿವಾರ ಬರುತ್ತಾನೆ, ಅಲ್ಲಿಯತನಕ ಇದನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಸಾಹೇಬರು ಮೇಲೆ ತಾಡಪತ್ರಿ ಹೊದಿಸಿದರು.

ರೇಣಮ್ಮ ಅಂದು ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಮಗಳು ಮಲ್ಲಿಕಮ್ಮ ಕಕ್ಕೇರಾದ ಗಂಡನ ಮನೆಯಲ್ಲಿದ್ದಳು, ಏಳು ತಿಂಗಳ ಬಸುರಿ. ಮುಂದಿನ ವಾರ ಬಿಟ್ಟು ಅದರಾಚೆಯ ಶುಕ್ರವಾರ ಅವಳ ಸೀಮಂತದ ಕುಬಸ. ಬಸುರಿ ಹೆಂಗಸು ಸತ್ತರೆ ಅವರಲ್ಲಿ ಉಡಿ ತುಂಬದೆ ಮಣ್ಣು ಮಾಡುವುದಿಲ್ಲ. ಸೆರಗಿನಲ್ಲಿ ಜೋಳ, ಅರಿಷಿಣದ ಬೇರು, ಅಡಿಕೆ ಹಾಕಿ, “ತುಂಬಿದ ಉಡೀಲೆ ಹೋಗವ್ವಾ” ಎಂದು ಕಳಿಸಬೇಕು. ಬರಿಗೈಯಲ್ಲಿ ಹೋದ ಬಸುರಿಗೆ ಸಮಾಧಾನವಿರುವುದಿಲ್ಲ. ಅವಳು ಇನ್ನೊಬ್ಬ ಬಸುರಿಯ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ ಎಂದು ಎಲ್ಲರೂ ನಂಬಿದ್ದರು. ಈಕೆಯ ಹತ್ತಿರ ಒಂದು ಬೋಗುಣಿ ಬಿಟ್ಟರೆ ಏನೂ ಇಲ್ಲ. ಮೂರೂವರೆ ಸಾವಿರ ವರ್ಷ ಮಣ್ಣೊಳಗೆ ಮಲಗಿದ್ದವಳನ್ನು ಎಬ್ಬಿಸಿದ್ದಾರೆ. ಎಬ್ಬಿಸಿದ ಮಣ್ಣನ್ನು ಜರಡಿ ಹಿಡಿದವಳು ತಾನು. ಆ ಸತ್ತವಳಿಗೆ ರೇಣಮ್ಮನ ಮನೆಯ ದಾರಿ ಬಿಟ್ಟು ಬೇರೆ ಯಾರ ಮನೆಯ ದಾರಿ ಗೊತ್ತಾದೀತು?

ಆದರೆ ಉಡಿ ತುಂಬುವವರು ಮುತ್ತೈದೆಯರು. ಗಂಡ ಸತ್ತವಳ ಕೈಗೆ ಆ ಹಕ್ಕಿಲ್ಲ. ಬೇರೆಯವರನ್ನು ಕೇಳೋಣವೆಂದರೆ ಸುದ್ದಿ ಕಕ್ಕೇರಾಕ್ಕೆ ಮುಟ್ಟಲು ಅರ್ಧ ದಿನ ಸಾಕು. ಮಗಳ ಅತ್ತೆ ಹಣಮಂತಮ್ಮ ಮಡಿ, ಮೈಲಿಗೆ, ಶಕುನ ಎಂದರೆ ಮೈಯೆಲ್ಲ ಕಿವಿಯಾಗುವ ಹೆಂಗಸು.

ಗುರುವಾರ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಬೇವಿನ ನೆರಳಿಗೆ ಹೋದರು. ಸಾಹೇಬರು ಡೇರೆಯೊಳಗಿದ್ದರು. ಆ ಹೊತ್ತಿಗೆ ಸರಿಯಾಗಿ ಬಾಷುಮಿಯಾ ನಮಾಜಿಗೆಂದು ನೀರಿನ ದಂಡೆಗೆ ಇಳಿಯುತ್ತಾನೆ ಎಂಬುದು ರೇಣಮ್ಮನಿಗೆ ಗೊತ್ತಿತ್ತು. ಇಷ್ಟು ದಿನ ನೋಡುತ್ತಲೇ ಬಂದಿದ್ದಳು. ಅವನು ಇಳಿದುದನ್ನು ಕಂಡು ಅವಳು ಕುಣಿಗೆ ಇಳಿದಳು.

ತಾಡಪತ್ರಿ ಸರಿಸಿ, ಸೆರಗಿನ ಗಂಟು ಬಿಚ್ಚಿ, ಸೊಂಟದ ಎಲುಬಿನ ಮಗ್ಗುಲಲ್ಲಿ ಬೆರಳಿನಿಂದ ಸಣ್ಣ ಗುಂಡಿ ಮಾಡಿ ಒಂದು ಹಿಡಿ ಜೋಳ ಹಾಕಿದಳು. ಅರಿಷಿಣದ ಬೇರು ಇಟ್ಟಳು, ಅಡಿಕೆ ಇಟ್ಟಳು. “ತಂಗೀ, ನೀ ಯಾರ ಮಗಳರೆ ಆಗಿರು. ಮುತ್ತೈದಿ ಕೈ ಅಲ್ಲ ನಂದು, ತಪ್ಪು ತಿಳೀಬ್ಯಾಡ. ತುಂಬಿದ ಉಡೀಲೆ ಹೋಗು. ನನ್ನ ಮಗಳ ಕಡಿ ನೋಡಬ್ಯಾಡ” ಎಂದಳು. ಮಣ್ಣು ಎಳೆದು ಮುಚ್ಚಿದಳು. ಏಳುವಾಗ ಮೊಣಕಾಲು ಹಿಡಿದಂತಾಗಿ ಆಸರೆಗೆ ಅಂಗೈ ಊರಿದಳು. ಅಂಗೈ ಕೆಳಗೆ ಹಪ್ಪಳ ಮುರಿದಂಥ ಸಣ್ಣ ಸದ್ದಾಯಿತು.

ಕೂಸಿನ ತಲೆ.

ನೋಡುವ ಧೈರ್ಯವಾಗಲಿಲ್ಲ. ಅದರ ಮೇಲೂ ಒಂದಿಷ್ಟು ಮಣ್ಣು ಸರಿಸಿ, ತಾಡಪತ್ರಿ ಎಳೆದು ಮೇಲೆ ಬಂದಳು. ದೂರದಲ್ಲಿ ಬಾಷುಮಿಯಾ ಹೊಳೆಯ ಕಡೆ ಮುಖ ಮಾಡಿ ಕೊರಳಿನ ವಸ್ತ್ರ ಮಡಚುತ್ತಿದ್ದ. ತನ್ನನ್ನು ಅವನು ನೋಡಿಲ್ಲ ಎಂದುಕೊಂಡಳು.

ಇಳಿಹೊತ್ತಿಗೆ ಸಾಹೇಬರು ತಾಡಪತ್ರಿ ಎತ್ತಿದರು. ಆಮೇಲೆ ಅವರ ದನಿ ಗಡ್ಡೆಯ ಆ ತುದಿಗೂ ಕೇಳಿಸಿತು. ಎಲ್ಲರನ್ನೂ ಕುಣಿಯ ಸುತ್ತ ನಿಲ್ಲಿಸಿದರು. ಮಣ್ಣು ಕದಡಿದೆ, ಕೂಸಿನ ತಲೆ ಪುಡಿಯಾಗಿದೆ. ಇಂಥದ್ದು ಈ ಸೀಮೆಯಲ್ಲೇ ತಾವು ಕಂಡಿರಲಿಲ್ಲ ಎಂದರು.

“ಬಾಷುಮಿಯಾ, ಕಾಯೋನು ನೀನು. ಎಲ್ಲಿದ್ದೆ?”

“ನಮಾಜಿಗೆ ಹೋಗಿದ್ದೆ, ಸಾಬ್. ಜರಾ ಹೊತ್ತು.”

“ಯಾರು ಬಂದಿದ್ದರು ಇಲ್ಲಿಗೆ? ನೋಡಿದೆಯಾ?”

ಬಾಷುಮಿಯಾ ತಲೆಯೆತ್ತಿದ. ಅವನ ಕಣ್ಣು ನಿಂತವರ ಮೇಲೆಲ್ಲ ಹಾದು ಹೆಂಗಸರ ಸಾಲಿಗೆ ಬಂದು ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ರೇಣಮ್ಮ ತನ್ನ ಕಾಲಬೆರಳು ನೋಡುತ್ತಿದ್ದಳು. ಬಾಯಿಗೆ ಮಾತು ಬಂದಿತ್ತು. ಈಗ ಹೇಳುತ್ತೇನೆ, ಅವರು ಇನ್ನೊಮ್ಮೆ ಕೇಳಲಿ, ಆಗ ಹೇಳುತ್ತೇನೆ ಎಂದುಕೊಂಡಳು.

“ಇಲ್ಲ, ಸಾಬ್” ಎಂದ ಬಾಷುಮಿಯಾ.

“ಮತ್ತ ಇನ್ಯಾರು ಕೆದರ್ತಾರ್ರಿ?” ಹುಲಗಪ್ಪ ನಡುವೆ ಬಾಯಿ ಹಾಕಿದ. “ಹೊಟ್ಟ್ಯಾಗ ಬಂಗಾರ ಇಟ್ಟಿರತಾರ ಅಂತ ಮಂದಿ ಮಾತಾಡೂದು ಇವನೂ ಕೇಳ್ಯಾನ. ಏನೋ ಸಾಬಾ, ಸಿಕ್ತೇನು ಬಂಗಾರ?”

ಬಾಷುಮಿಯಾ ತನ್ನ ಅಭ್ಯಾಸದಂತೆ ಕೈ ಜೋಡಿಸಿ, “ಆತ್ರಿ, ನಂದ ತಪ್ಪು” ಅಂದುಬಿಟ್ಟ. ಜಾಗ ಬಿಟ್ಟು ಹೋದದ್ದು ತಪ್ಪು ಎಂದು ಅವನು ಹೇಳಿದ. ಸುತ್ತ ನಿಂತ ಇಪ್ಪತ್ತು ಜನ ಬೇರೆಯೇ ಕೇಳಿಸಿಕೊಂಡರು. ಸಾಹೇಬರು ಬಂಗಾರದ ಮಾತನ್ನು ಎತ್ತಲಿಲ್ಲ, ಆದರೆ ಕಾವಲಿನ ಕೆಲಸದಿಂದ ಅವನನ್ನು ಅಂದೇ ತೆಗೆದುಹಾಕಿದರು.

ಆ ಸಂಜೆ ಅವನದೇ ಹರಗೋಲಿನಲ್ಲಿ ಎಲ್ಲರೂ ದಾಟಿದರು. ರೇಣಮ್ಮ ಅವನಿಗೆ ಬೆನ್ನು ಮಾಡಿ ಕೂತಿದ್ದಳು. ನಾಳೆ ಸಾಹೇಬರ ಹತ್ತಿರ ಒಬ್ಬಳೇ ಹೋಗಿ ಹೇಳುತ್ತೇನೆ ಎಂದು ಆಣೆ ಹಾಕಿಕೊಂಡಳು. ಮರುದಿನ ಸಾಹೇಬರು ಸುರಪುರಕ್ಕೆ ಹೋಗಿದ್ದರು. ಇರಲಿಲ್ಲವಲ್ಲ ಎಂದು ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದನ್ನು ಕಂಡು ಅವಳಿಗೇ ಹೇಸಿಕೆಯಾಯಿತು.

ಶನಿವಾರ ಫೋಟೊದವನು ಬಂದ. ಕುಣಿಯನ್ನು ಮತ್ತೆ ಸ್ವಚ್ಛ ಮಾಡುವಾಗ ಜೋಳ ಸಿಕ್ಕಿತು, ಅರಿಷಿಣದ ಬೇರು, ಅಡಿಕೆ ಸಿಕ್ಕವು. ಸಾಹೇಬರು ಅವುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಎಲ್ಲರನ್ನೂ ಕರೆದರು. ಈ ಸಲ ಸಿಟ್ಟಿರಲಿಲ್ಲ.

“ಯಾರೋ ಪೂಜೆ ಮಾಡಿದ್ದಾರೆ” ಎಂದರು. “ನಾನು ಬೈಯುವುದಿಲ್ಲ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಆದದ್ದನ್ನು ಆದ ಹಾಗೆ ನಾನು ಬರೆದಿಡಬೇಕು, ಅದಕ್ಕೆ ಕೇಳ್ತಿದ್ದೇನೆ. ರೇಣಮ್ಮ, ನೀನು ಹಿರಿಯಳು. ಹೆಣ್ಣುಮಕ್ಕಳಲ್ಲಿ ಯಾರಾದರೂ ಮಾಡಿದರಾ?”

ಇದಕ್ಕಿಂತ ದೊಡ್ಡ ಬಾಗಿಲು ಯಾರು ತೆರೆದಾರು? ಒಂದು ಹೆಜ್ಜೆ ಮುಂದಿಟ್ಟರೆ ಸಾಕಿತ್ತು. ಅವಳಿಗೆ ಕಂಡದ್ದು ಹಣಮಂತಮ್ಮನ ಮುಖ. ಕುಬಸಕ್ಕೆ ಇನ್ನು ಹದಿಮೂರು ದಿನ. ಅದು ಮುಗಿಯಲಿ.

“ನನಗ ಗೊತ್ತಿಲ್ರಿ” ಎಂದಳು.

ಅವಳು ಹೇಳಿದ್ದು ಖರೆಯೆಂದು ಸಾಹೇಬರು ತಲೆಯಾಡಿಸಿದರು. ಹುಲಗಪ್ಪ ಮಾತ್ರ ತೊಡೆ ತಟ್ಟಿದ: “ಇದು ನಿಧಿ ಪೂಜಾ ಐತ್ರಿ ಸಾಹೇಬ್ರ! ನಿಧಿ ತಗ್ಯಾಕ ಅರಿಷಿಣ, ಅಡಕಿ, ಕಾಳು ಬೇಕ ಬೇಕು. ಯಾವನೋ ಮಂತ್ರಗಾರನ ಕೇಳಿ ಮಾಡ್ಯಾನ ಸಾಬ. ನೋಡ್ರಿ, ಬಂಗಾರ ಸಿಗಲಾರದ್ದಕ್ಕ ಕೂಸಿನ ತಲಿ ಮುರದಾನ.” ಸಾಹೇಬರು, “ಸುಮ್ಮನಿರಯ್ಯ, ಕಂಡವನ ಹಾಗೆ ಹೇಳಬೇಡ” ಎಂದು ಗದರಿದರು. ಗಡ್ಡೆಯ ಮೇಲೆ ಅವನು ಬಾಯಿ ಮುಚ್ಚಿದ. ಊರಿಗೆ ಬಂದ ಮೇಲೆ ಮುಚ್ಚಲಿಲ್ಲ.

ಒಂದು ವಾರದೊಳಗೆ ಬಾಷುಮಿಯಾನ ಹೆಸರು ಬೇರೆಯಾಯಿತು. ಬಸುರಿಯ ಹೊಟ್ಟೆ ಕೆದರಿದವನು ಅಂದರು. ಅಂಥವನ ಹರಗೋಲಿನಲ್ಲಿ ಮಕ್ಕಳುಮರಿ ಕೂರಿಸುವುದು ಹೇಗೆ ಅಂದರು. ಹುಲಗಪ್ಪನ ಮೈದುನ ಇನ್ನೊಂದು ಹರಗೋಲು ತಂದು ನೀರಿಗಿಳಿಸಿದ. ಜನ ಅದಕ್ಕೆ ಹತ್ತಿದರು. ಎರಡು ಮಳೆ ಮುಂಚೆಯೇ ಹೊಡೆದು ಹೊಳೆ ಏರಿತು. ಸಾಹೇಬರು ಪೆಟ್ಟಿಗೆಗಳನ್ನು ಕಟ್ಟಿಸಿ, ಚಳಿಗಾಲಕ್ಕೆ ಮತ್ತೆ ಬರುತ್ತೇವೆಂದು ಹೇಳಿ ಹೊರಟುಹೋದರು. ಆ ಭಾನುವಾರ ರೇಣಮ್ಮ ಮೈಲಾರಲಿಂಗನ ಮುಂದೆ ಭಂಡಾರದ ಚೀಲಕ್ಕೆ ಕೈ ಹಾಕಿದವಳು ಕೈ ಹೊರತೆಗೆದು ಮನೆಗೆ ಬಂದಳು. ತಲೆನೋವು ಎಂದು ಹೇಳಿದಳು.

ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆ, ಹಸಿರು ಬಳೆ, ಹೂವಿನ ದಂಡೆ ಮುಡಿದ ಮಲ್ಲಿಕಮ್ಮ ಕಕ್ಕೇರಾದ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ಮುತ್ತೈದೆಯರು ಆರತಿ ಎತ್ತುವಾಗ ರೇಣಮ್ಮ ಒಳಗಿನ ಬಾಗಿಲ ಸಂದಿಯಿಂದ ನೋಡಿದಳು. ಆಮೇಲೆ ಹೆಂಗಸರ ಪಂಕ್ತಿಗೆ ಹೋಳಿಗೆ ಬಡಿಸಲು ಬಂದಳು. ಮಾತು ಗಡ್ಡೆಯ ಕಡೆ ತಿರುಗಿತ್ತು.

“ಸತ್ತ ಬಸುರಿ ಹೊಟ್ಟಿಗೂ ಕೈ ಹಾಕ್ಯಾನಂತಲ್ಲ ಆ ಸಾಬ” ಎಂದಳು ಹಣಮಂತಮ್ಮ. “ಅಂಥವನ ಕೈ ಸೇದಿ ಹೋಗಬೇಕು. ನೀವು ಅಲ್ಲೇ ಇದ್ರಲ್ಲ ಬೀಗ್ತೀ, ಖರೇ ಏನು?”

ರೇಣಮ್ಮನ ಕೈಯಲ್ಲಿ ಹೋಳಿಗೆಯ ಬುಟ್ಟಿಯಿತ್ತು. ಮಗಳು ಅವಳ ಕಡೆ ನೋಡಿ ನಗುತ್ತಿದ್ದಳು.

“ಹೂಂ” ಎಂದಳು ರೇಣಮ್ಮ.

ಮುಂದಿನ ಎಲೆಗೆ ಹೋಳಿಗೆ ಹಾಕಿದಳು, ಅದರ ಮೇಲೆ ತುಪ್ಪ ಹಾಕಿದಳು. ಸುಮ್ಮನಿದ್ದದ್ದು ಒಂದು, ಗೊತ್ತಿಲ್ಲ ಅಂದದ್ದು ಇನ್ನೊಂದು. ಈಗ ಅವಳೇ ಸಾಕ್ಷಿ ಹೇಳಿದಂತಾಯಿತು. ಇನ್ನು ಯಾರೂ ಹುಲಗಪ್ಪನ ಹೆಸರು ಹೇಳಬೇಕಿಲ್ಲ. ರೇಣವ್ವನೇ ಹೂಂ ಅಂದಳಂತೆ ಎಂದರೆ ಮುಗಿಯಿತು. ಅಂದು ಅವಳು ತನ್ನ ಎಲೆಯಲ್ಲಿದ್ದುದನ್ನು ಮುಟ್ಟಲಿಲ್ಲ. ಮಗಳನ್ನು ಹೆರಿಗೆಗೆ ಮುಂದಿನ ಸೋಮವಾರ ಕಳಿಸುತ್ತೇವೆ ಎಂದು ಬೀಗರು ಹೇಳಿದರು.

ಮರುದಿನ ಮುಂಜಾನೆ ಊರಿಗೆ ಮರಳಿದವಳು ಮನೆಗೆ ಹೋಗದೆ ನೇರ ಹೊಳೆದಂಡೆಗೆ ಹೋದಳು. ಬಾಷುಮಿಯಾ ಹರಗೋಲನ್ನು ಬೋರಲು ಹಾಕಿ ಅದರ ತೊಗಲಿಗೆ ಎಣ್ಣೆ ಹಚ್ಚುತ್ತಿದ್ದ. ನೀರಿಗಿಳಿಸದ ಹರಗೋಲಿಗೆ ಯಾಕೆ ಎಣ್ಣೆಯೋ. ಆ ಕಡೆ ಹೊಸ ಹರಗೋಲಿಗಾಗಿ ಹತ್ತು ಹದಿನೈದು ಜನ ಕಾಯುತ್ತ ಕೂತಿದ್ದರು, ಹುಲಗಪ್ಪನೂ ಇದ್ದ.

“ಬಾಷುಮಿಯಾ, ಅವತ್ತು ಕುಣಿಯೊಳಗ ಇಳದಾಕಿ ನಾನು” ಎಂದಳು, ನಿಂತಲ್ಲಿಂದಲೇ, ಗಟ್ಟಿಯಾಗಿ.

ಅವನ ಕೈ ನಿಂತಿತು. “ಮೆಲ್ಲಕ ಅಕ್ಕಾ. ಮಂದಿ ಕೇಳಾಕತ್ತೇತಿ.”

“ಕೇಳ್ಲಿ ಅಂತನ ಬಂದೀನಿ.” ಅವಳು ಜನರ ಕಡೆ ತಿರುಗಿದಳು. “ಕೇಳ್ರಿ. ಇಂವ ನಮಾಜಿಗೆ ಹೋಗಿದ್ದ. ನಾ ಹೋಗಿ ಆಕಿ ಉಡಿ ತುಂಬಿದೆ. ಜ್ವಾಳ ನಂದು, ಅರಿಷಿಣ ನಂದು. ಕೂಸಿನ ತಲಿ ಮುರದಿದ್ದು ನನ್ನ ಕೈ. ಬಂಗಾರ ಇಲ್ಲ, ನಿಧಿ ಇಲ್ಲ. ಇವನ ಮ್ಯಾಲ ಬಂದಾಗ ನಾ ಸುಮ್ಮನ ನಿಂತಿದ್ದೆ.”

ಕೂತವರಲ್ಲಿ ಒಬ್ಬ ಮುದುಕಿ, “ಅಯ್ಯ ನನ ಶಿವನ! ಗಂಡ ಸತ್ತಾಕಿ ಕೈಲೇ ಉಡಿ ತುಂಬಿಸಿಕೊಂಡ್ಲೇನ ಆಕಿ! ಸತ್ತ ಮ್ಯಾಲೂ ನಸೀಬ ನೋಡು” ಎಂದಳು. ಎರಡು ಮೂರು ಜನ ನಕ್ಕರು. ಹುಲಗಪ್ಪ ನಗಲಿಲ್ಲ. “ಇಷ್ಟು ಮಂದಿ ಮುಂದ ಹೇಳು ಅಂತ ಈ ಸಾಬ ಕಲಿಸ್ಯಾನೇನ ಬೇ ನಿನಗ?” ಎಂದು ಕೇಳಿ ಎದ್ದುಹೋದ.

ರೇಣಮ್ಮ ಬಾಷುಮಿಯಾನ ಹತ್ತಿರ ಬಂದು ಮರಳಿನ ಮೇಲೆ ಕುಸಿದು ಕೂತಳು.

“ನನಗ ಗೊತ್ತಿತ್ತು” ಎಂದ ಅವನು, ಎಣ್ಣೆಯ ಬಟ್ಟೆಯನ್ನು ನೋಡುತ್ತ. “ನೀ ಕುಣಿಯಿಂದ ಮ್ಯಾಲ ಬರೂದು ನೋಡಿದ್ದೆ.”

“ಮತ್ತ ಯಾಕ ಹೇಳ್ಲಿಲ್ಲೋ ಯಪ್ಪಾ? ಸಾಹೇಬ್ರು ಕೇಳಿದಾಗ ಬೊಟ್ಟು ಮಾಡಿ ತೋರಸಬಾರದಿತ್ತಾ?”

“ನಾ ತೋರಿಸಿದ್ರ ಯಾರು ನಂಬ್ತಿದ್ರು? ತನ್ನ ತಪ್ಪು ಹೆಣಮಗಳ ಮ್ಯಾಲ ಹಾಕ್ಯಾನ ಅಂತಿದ್ರು.” ಅವನು ಎಣ್ಣೆಯ ಬಟ್ಟೆಯನ್ನು ಕೆಳಗಿಟ್ಟ. “ಅದು ಬಿಡು. ನೀನ ಹೇಳ್ತಿ ಅನ್ಕೊಂಡಿದ್ದೆ. ಅವತ್ತು ಹೇಳ್ಲಿಲ್ಲ. ನಾಳಿ ಹೇಳ್ತಾಳ ಅನ್ಕೊಂಡೆ. ಆಮ್ಯಾಲ, ಮಗಳ ಕುಬಸ ಐತಿ, ಅದು ಆಗ್ಲಿ, ಹೇಳ್ತಾಳ ಅಂದೆ. ನಮ್ಮ ಮನಿಯಾಕಿಗೂ ಅದನ್ನ ಹೇಳಿದ್ದೆ, ರೇಣಕ್ಕ ಸುಮ್ಮನ ಇರಾಕಿ ಅಲ್ಲ ಅಂತ. ನಿನ್ನೆ ಕಕ್ಕೇರಾದಿಂದ ಬಂದವ್ರು ಹೇಳಿದ್ರು, ನೀ ಹೂಂ ಅಂದಿ ಅಂತ. ಅದನ್ನೂ ನಾ ನಂಬಿದ್ದಿಲ್ಲ.”

ಅವನು ಅವಳ ಮುಖವನ್ನು ನೋಡಿದ. ಖರೆಯೋ ಸುಳ್ಳೋ ಎಂದು ಕೇಳುವ ನೋಟ. ರೇಣಮ್ಮ ತಲೆ ತಗ್ಗಿಸಿದಳು. ಬಾಷುಮಿಯಾ ಮತ್ತೆ ಎಣ್ಣೆಯ ಬಟ್ಟೆ ಎತ್ತಿಕೊಂಡು, ಅವಳ ಕಡೆ ಬೆನ್ನು ಮಾಡಿ, ತೊಗಲು ತಿಕ್ಕತೊಡಗಿದ.

ಸುದ್ದಿ ಕಕ್ಕೇರಾಕ್ಕೆ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. ಸೋಮವಾರ ಮಲ್ಲಿಕಮ್ಮ ಬರಲಿಲ್ಲ. ಸಮಾಧಿಗೆ ಕೈ ಹಾಕಿದ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ ಎಂದು ಹಣಮಂತಮ್ಮ ಹೇಳಿ ಕಳಿಸಿದಳು. ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ತೊಟ್ಟಿಲಿಗೆ ಕರೆ ಬರಲಿಲ್ಲ. ಮೂರು ತಿಂಗಳಾದ ಮೇಲೆ ಮಗಳು ದಾರಿಯಲ್ಲಿ ಸಿಕ್ಕು ಕೂಸಿನ ಮುಖ ತೋರಿಸಿದಳು. “ಯವ್ವಾ, ನನಗರೆ ಹೇಳಬಾರದಿತ್ತೇನ ಬೇ?” ಎಂದು ಅತ್ತಳು. ರೇಣಮ್ಮ ಸೆರಗಿನಿಂದ ಕೂಸಿಗೆ ಬಿಸಿಲು ಮರೆ ಮಾಡಿದಳು.

ಇಷ್ಟಾದರೂ ಬಾಷುಮಿಯಾನ ಮೇಲಿನ ಕಲೆ ಪೂರ್ತಿ ಹೋಗಲಿಲ್ಲ. ಕೆಲವರು ಅವನ ಹರಗೋಲಿಗೆ ಮರಳಿದರು. ಕೆಲವರು, ಅವಳು ಹೇಳಿದ್ದು ಖರೆಯಿರಬಹುದು, ಆದರೂ ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಎಂದರು. ಆ ಹೊಗೆ ಹಾಕಿದವಳು ತಾನು, ಆರಿಸಲು ಹೋದರೆ 'ಈಕೆಯದೇನೋ ಸಂಬಂಧವಿದೆ' ಎಂದು ಇನ್ನಷ್ಟು ಊದುತ್ತಾರೆ ಎಂಬುದು ಅವಳಿಗೆ ತಿಳಿಯಿತು.

ದೀಪಾವಳಿ ಮುಗಿದ ಮೇಲೆ ಒಂದು ಸುದ್ದಿ ಬಂತು: ಸಾಹೇಬರು ಮಾಘದಲ್ಲಿ ಮತ್ತೆ ಬರುತ್ತಾರೆ, ಕಾವಲಿಗೆ ಈ ಸಲ ಸುರಪುರದಿಂದ ಬೇರೆ ಆಳನ್ನು ನೋಡಲು ಬರೆದಿದ್ದಾರೆ. ಅಂದರೆ ಅವರ ಕಾಗದಗಳಲ್ಲಿ ಬಾಷುಮಿಯಾ ಇನ್ನೂ ತಪ್ಪಿತಸ್ಥನಾಗಿಯೇ ಇದ್ದಾನೆ.

ಮರುದಿನ ಶಾಲೆ ಬಿಟ್ಟ ಮೇಲೆ ರೇಣಮ್ಮ ಮಾಸ್ತರ ಮರಿಲಿಂಗಪ್ಪನ ಹತ್ತಿರ ಹೋದಳು. ಊರ ಹೊರಗಿನ ಕೇರಿಯಿಂದ ಓದಿ ಮಾಸ್ತರನಾಗಿ ಬಂದ ಮೊದಲನೆಯವನು ಅವನು. ಅವನ ಅಪ್ಪನನ್ನು ಅವಳು ಜೀವಮಾನವಿಡೀ “ಏನೋ, ಬಾರೋ” ಎಂದೇ ಕರೆದಿದ್ದಳು. ಹೈದರಾಬಾದಿನ ಸಾಹೇಬರಿಗೆ ಒಂದು ಕಾಗದ ಬರೆದುಕೊಡಬೇಕು ಎಂದು ಕೇಳುವಾಗ ನಾಲಿಗೆ ತಡವರಿಸಿ, “ಬರ್ದ ಕೊಡ್ರಿ ಮಾಸ್ತರ್ರ” ಎಂದಳು. ಅವನು ಕುರ್ಚಿ ತೋರಿಸಿದ. ಅವಳು ನೆಲಕ್ಕೇ ಕೂತಳು.

ಹೇಳಿದಳು. ಬುಧವಾರದಿಂದ ಶನಿವಾರದ ತನಕ, ಬಿಡದೆ. ಜೋಳ ಎಷ್ಟು ಹಾಕಿದೆ, ಎಲ್ಲಿ ಹಾಕಿದೆ, ಯಾವ ಕೈ ಊರಿದೆ, ಬಾಷುಮಿಯಾ ಎಲ್ಲಿದ್ದ, ಎಷ್ಟು ಹೊತ್ತು ಇರಲಿಲ್ಲ. ಆದದ್ದನ್ನು ಆದ ಹಾಗೆ ಬರೆದಿಡಬೇಕು ಎಂದು ಸಾಹೇಬರು ಹೇಳಿದ್ದರಲ್ಲ. ಮರಿಲಿಂಗಪ್ಪ ಒಂದು ಮಾತೂ ನಡುವೆ ಆಡದೆ ಬರೆದ. ಕೊನೆಯಲ್ಲಿ ಲೇಖಣಿ ನಿಲ್ಲಿಸಿ ಕೇಳಿದ:

“ಇಷ್ಟು ದಿನ ಯಾಕ ಹೇಳ್ಲಿಲ್ಲ ಅಂತ ಅವ್ರು ಕೇಳ್ತಾರ. ಹೆದರಿದ್ದೆ ಅಂತ ಬರೀಲೇನ್ರಿ ಅಮ್ಮಾ?”

ರೇಣಮ್ಮ ಬರೆದ ಕಾಗದದ ಕಡೆ ಬೆರಳು ಮಾಡಿದಳು.

“ಮೊದಲ ದಿನ ಹೆದರಿದ್ದೆ. ಅಷ್ಟು ಬರೀರಿ. ಆಮ್ಯಾಲ ಹೆದರಿಕಿ ಇದ್ದಿಲ್ರಿ. ಎಲ್ಲಾರೂ ಅವನ ಹೆಸರು ತಗೊಂಡ್ರು, ನನ್ನ ಹೆಸರು ಯಾರೂ ತಗೊಳ್ಳಲಿಲ್ಲ. ಹಂಗ ಇರೂದು ನನಗ ಚಲೋ ಅನಿಸ್ತು. ಹಂಗ ಬರೀರಿ.”

“ಇದನ್ನೂ ಬರೀಬೇಕೇನ್ರಿ?”

“ಅದನ್ನ ಬರೀಲಾರದ ಕಾಗದಕ್ಕ ನಾ ಯಾಕ ಇಲ್ಲಿ ತನಕಾ ಬರ್ಲಿ?”

ಮಾಸ್ತರ ಬರೆದ. ಬರೆದದ್ದನ್ನು ಮೊದಲಿನಿಂದ ಓದಿ ಹೇಳಿದ. ಕೊನೆಯ ಸಾಲುಗಳು ಬಂದಾಗ ಅವಳು ಇನ್ನೊಮ್ಮೆ ಓದಿಸಿದಳು. ಮನಸ್ಸಿನೊಳಗೆ ಇದ್ದಾಗ ಅದು ಒಂದು ಥರ ಇತ್ತು, ಇನ್ನೊಬ್ಬರ ಬಾಯಿಂದ ಕೇಳಿದಾಗ ಬೇರೆಯವರಾರದೋ ಸುದ್ದಿಯಂತೆ, ಕೇಳಿದವರು ಛೀ ಎನ್ನುವಂತೆ ಇತ್ತು. ಅವಳಿಗೂ ಛೀ ಎನಿಸಿತು.

“ಹೌದ್ರಿ, ಅದು ನಾನ” ಎಂದು ಹೆಬ್ಬೆರಳು ಮುಂದೆ ಚಾಚಿದಳು.